ಹಿತ್ತಿಲಿಗೊಂದು ಗಾಜಿನ ಜಗಲಿ

ಮಗನ ಮನೆಗೋ ಮಗಳ ಮನೆಗೋ ಎಂದು ಆರು ತಿಂಗಳ ವೀಸಾದಲ್ಲಿ ಇಂಗ್ಲೆಂಡಿಗೆ ಹೋಗಿಬಂದವರ ಮೊಬೈಲಿನಲ್ಲಿ ಇಂಥದೊಂದು ಫೋಟೊ ಸಿಕ್ಕೀತು. ಹಿತ್ತಿಲ ಬಾಗಿಲಿಗೆ ಅಂಟಿಕೊಂಡ ಗಾಜಿನ ಕೋಣೆ, ಅದರೊಳಗೆ ಬೆತ್ತದ ಕುರ್ಚಿ, ಪಕ್ಕದ ಕುಂಡದಲ್ಲಿ ಕರಿಬೇವಿನ ಗಿಡ. ಹೊರಗೆ ಹುಲ್ಲಿನ ಮೇಲೆ ಹಿಮ ಕಟ್ಟಿದ್ದರೂ ಒಳಗೆ ಅಮ್ಮ ಸ್ವೆಟರ್ ಬಿಚ್ಚಿಟ್ಟು, ಬಿಸಿಲಿಗೆ ಬೆನ್ನು ಕೊಟ್ಟು ಕೊತ್ತಂಬರಿ ಸೊಪ್ಪು ಬಿಡಿಸುತ್ತಿರುತ್ತಾರೆ. ಅಲ್ಲಿಯವರು ಇದನ್ನು ಕನ್ಸರ್ವೇಟರಿ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಗಾಜಿನ ಜಗಲಿ ಅಂದರೆ ಅರ್ಥವಾಗುತ್ತದೆ.

ಕೂಲಿ ದುಬಾರಿಯಾದ ಆ ದೇಶದಲ್ಲಿ ಇದನ್ನು ತಾವೇ ಕಟ್ಟಿಕೊಳ್ಳುವವರು ಬಹಳ. ಅಳತೆ ಕೊಟ್ಟರೆ ಚೌಕಟ್ಟು, ಗಾಜು, ಮಾಡಿನ ಪಟ್ಟಿ, ಸ್ಕ್ರೂಗಳೆಲ್ಲ ಸೇರಿ ಒಂದು ಕಿಟ್ ಲಾರಿಯಲ್ಲಿ ಮನೆಗೆ ಬರುತ್ತದೆ. ಕ್ಯಾಟಲಾಗಿನ ಪುಟಗಳಲ್ಲಿ ಹೊಳೆಯುವುದು ಗಾಜೇ. ಆದರೆ ಈ ಕೋಣೆಗಳು ಕೆಡುವುದು ಹೆಚ್ಚಾಗಿ ಗಾಜಿನಿಂದಲ್ಲ. ಒಂದೋ ಪಾಯ ಕೂತಿರುತ್ತದೆ, ಇಲ್ಲವೇ ಹೊಸ ಮಾಡು ಹಳೆಯ ಗೋಡೆಗೆ ತಾಗುವ ಸಂದಿಯಲ್ಲಿ ನೀರು ಇಳಿದಿರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಗಾಜಿಗಿಂತ ಮಣ್ಣಿನ ಮಾತೇ ಜಾಸ್ತಿ.

ಗಾಜಿನ ಈ ಹುಚ್ಚು ವಿಕ್ಟೋರಿಯಾ ಕಾಲದ್ದು. ಬ್ರಿಟನ್ನಿನಲ್ಲಿ ಗಾಜಿನ ಮೇಲಿದ್ದ ತೆರಿಗೆ 1845ರಲ್ಲಿ ರದ್ದಾಯಿತು, ಕಿಟಕಿ ತೆರಿಗೆ 1851ರಲ್ಲಿ. ಅದೇ 1851ರಲ್ಲಿ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎಬ್ಬಿಸಿದ. ಅದರ ಮರಿ ಬೆಂಗಳೂರಿನಲ್ಲಿದೆ: ಅದೇ ಮಾದರಿಯ ಲಾಲ್‌ಬಾಗ್ ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಶಂಕುಸ್ಥಾಪನೆ ಮಾಡಿದ. ಪ್ಯಾಕ್ಸ್‌ಟನ್‌ನ ಒಂದು ಜಾಣ್ಮೆ ಇಂದಿನ ಕಿಟ್‌ಗೂ ಪಾಠವಾಗಬಲ್ಲದು. ಅವನ ಮಾಡಿನ ಮರದ ದೋಣಿಯಲ್ಲಿ ಮಳೆನೀರಿಗೊಂದು ಕಾಲುವೆ, ಗಾಜಿನ ಒಳಮೈಯಲ್ಲಿ ಬೆವರಿ ಇಳಿಯುವ ಹನಿಗಳಿಗೆ ಬೇರೆ ಕಾಲುವೆ ಇತ್ತು. ಗಾಜು ಬೆವರಿಯೇ ಬೆವರುತ್ತದೆ, ಅದಕ್ಕೆ ದಾರಿ ಬಿಡಬೇಕು ಎಂಬುದನ್ನು ಅವನು ಮೊದಲೇ ಒಪ್ಪಿಕೊಂಡಿದ್ದ.

ಅಗೆಯುವ ಮೊದಲು

ದಿಕ್ಕು ನೋಡುವುದು ಮೊದಲ ಕೆಲಸ. ವಾಸ್ತುವಿಗಾಗಿ ಅಲ್ಲ, ಸೂರ್ಯನಿಗಾಗಿ. ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನ ನಡುಹಗಲ ಸೂರ್ಯ ದಿಗಂತದಿಂದ ಬರೀ 15 ಡಿಗ್ರಿ ಮೇಲಿರುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿದ ಗಾಜಿನಲ್ಲಿ ಬಿಸಿಲು ಕೋಣೆಯ ಆಚೆ ಗೋಡೆಯವರೆಗೆ ಚಾಚುತ್ತದೆ. ಜೂನ್‌ನಲ್ಲಿ ಅವನೇ 62 ಡಿಗ್ರಿಗೆ ಏರಿದಾಗ ಅದೇ ಕೋಣೆ ಇಡ್ಲಿ ಪಾತ್ರೆಯಾಗುತ್ತದೆ. ಆದ್ದರಿಂದ ದಕ್ಷಿಣಕ್ಕಿದ್ದರೆ ಮಾಡಿನಲ್ಲಿ ತೆರೆಯುವ ಕಿಂಡಿ, ಒಳಗೆ ಪರದೆ ಬೇಕೇಬೇಕು. ಉತ್ತರಕ್ಕಿದ್ದರೆ ಚಳಿಗಾಲದಲ್ಲಿ ಅದು ಗಾಜಿನ ಉಗ್ರಾಣ ಅಷ್ಟೆ. ಪೂರ್ವಕ್ಕಿದ್ದರೆ ಬೆಳಗಿನ ಕಾಫಿಗೆ ಹಿತ. ಈ ಫೋಟೊ ನೋಡಿ ಬೆಂಗಳೂರಿನ ತಾರಸಿಯ ಮೇಲೂ ಒಂದು ಕಟ್ಟಿಸೋಣ ಎನ್ನುವವರು ತುಸು ತಡೆಯಬೇಕು. ಇಲ್ಲಿ ಡಿಸೆಂಬರಿನಲ್ಲೂ ಮಧ್ಯಾಹ್ನದ ಸೂರ್ಯ 53 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಗಾಜಿನ ಮಾಡಿಗಿಂತ ಮಂಗಳೂರು ಹೆಂಚೋ ಶೇಡ್ ನೆಟ್ಟೋ ವಾಸಿ.

ಇನ್ನು ಕಾಗದಪತ್ರ. ಮುಂದೆ ಹೇಳುವುದು ಇಂಗ್ಲೆಂಡಿನ ನಿಯಮ. ಸ್ಕಾಟ್ಲೆಂಡ್, ವೇಲ್ಸ್‌ಗಳದು ಬೇರೆ. ಮನೆಯ ಹಿಂದೆ ಸೇರಿಸುವ ಒಂದಂತಸ್ತಿನ ಕನ್ಸರ್ವೇಟರಿ ಮಿತಿಯೊಳಗಿದ್ದರೆ ಯೋಜನಾ ಅನುಮತಿ ಬೇಡ. ಬಿಡಿಮನೆಯಾದರೆ ಹಿಂಗೋಡೆಯಿಂದ 4 ಮೀಟರ್, ಜೋಡಿಮನೆ ಅಥವಾ ಸಾಲುಮನೆಯಾದರೆ 3 ಮೀಟರ್ ಚಾಚಬಹುದು. ಎತ್ತರ 4 ಮೀಟರ್ ಮೀರಬಾರದು. ಬೇಲಿಯಿಂದ 2 ಮೀಟರಿನೊಳಗೆ ಬಂದರೆ ಸೂರಿನ ಎತ್ತರ 3 ಮೀಟರಿಗೇ ನಿಲ್ಲಬೇಕು. ಇಲ್ಲೊಂದು ಕೊಕ್ಕೆಯಿದೆ. ಅಳತೆ ಹಿಡಿಯುವುದು ಮನೆಯ ‘ಮೂಲ’ ಗೋಡೆಯಿಂದ, ಅಂದರೆ ಮೊದಲು ಕಟ್ಟಿದಾಗ, ಹಳೆಯ ಮನೆಯಾದರೆ 1948ರ ಜುಲೈ 1ರಂದು, ಇದ್ದ ಗೋಡೆಯಿಂದ. ಹಿಂದಿನ ಮಾಲೀಕ ಅಡುಗೆಮನೆಯನ್ನು 2 ಮೀಟರ್ ಹಿಗ್ಗಿಸಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಫ್ಲ್ಯಾಟುಗಳಿಗೆ ಈ ವಿನಾಯಿತಿಯೇ ಇಲ್ಲ. ಹೊಸ ಬಡಾವಣೆಗಳಲ್ಲಿ ಕೆಲವೆಡೆ ಇದನ್ನು ಮೊದಲೇ ಕಿತ್ತುಕೊಂಡಿರುತ್ತಾರೆ. ಆದ್ದರಿಂದ ಮನೆಪತ್ರವನ್ನೂ ಸ್ಥಳೀಯ ಕೌನ್ಸಿಲನ್ನೂ ಕೇಳದೆ ಕಿಟ್‌ಗೆ ಮುಂಗಡ ಕೊಡಬಾರದು.

ನೆರೆಮನೆಯ ಕಟ್ಟಡದಿಂದ 3 ಮೀಟರಿನೊಳಗೆ, ಅವರ ಪಾಯಕ್ಕಿಂತ ಆಳಕ್ಕೆ ಅಗೆಯುವುದಾದರೆ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಒಂದು ತಿಂಗಳ ಮೊದಲೇ ಲಿಖಿತ ನೋಟಿಸ್ ಕೊಡಬೇಕು. ನೋಟಿಸನ್ನು ಅಂಚೆಗೆ ಹಾಕುವ ಮುನ್ನ ಬೇಲಿಯಾಚೆ ಒಂದು ಮಾತು ಆಡಿದರೆ ಮುಂದಿನದೆಲ್ಲ ಸಲೀಸು.

ಹಿತ್ತಿಲಿನ ಮ್ಯಾನ್‌ಹೋಲ್ ಮುಚ್ಚಳ ಎತ್ತಿ ಒಳಚರಂಡಿ ಎತ್ತ ಹೋಗುತ್ತದೆಂದು ನೋಡುವುದು ಹಲವರು ಬಿಟ್ಟುಬಿಡುವ ಕೆಲಸ. ಎರಡು ಮೂರು ಮನೆಗಳಿಗೆ ಸೇರಿದ ಕೊಳವೆಗಳಲ್ಲಿ ಬಹುಪಾಲು 2011ರ ಅಕ್ಟೋಬರಿನಿಂದ ನೀರಿನ ಕಂಪನಿಗಳ ಸುಪರ್ದಿಗೆ ಬಂದಿವೆ. ಅವುಗಳ ಮೇಲೆ ಅಥವಾ 3 ಮೀಟರಿನೊಳಗೆ ಕಟ್ಟಲು ಆ ಕಂಪನಿಯ ಒಪ್ಪಿಗೆ ಬೇಕು. ಗ್ಯಾಸ್ ಬಾಯ್ಲರಿನ ಹೊಗೆಕೊಳವೆ ಅದೇ ಗೋಡೆಯಲ್ಲಿದ್ದರೆ ಅದನ್ನು ಮೊದಲು ಸ್ಥಳಾಂತರಿಸಬೇಕು, ಅದೂ ನೋಂದಾಯಿತ ಗ್ಯಾಸ್ ಕೆಲಸಗಾರನಿಂದಲೇ. ವಿಷದ ಹೊಗೆಯನ್ನು ಕೋಣೆಯೊಳಗೆ ಬಿಟ್ಟುಕೊಂಡು ಕೂರುವುದು ಜೀವಕ್ಕೆ ಕುತ್ತು.

ಪಾಯ: ಸೊಂಟದಾಳದ ಕೆಲಸ

ಉದಾಹರಣೆಗೆ ಮನೆಯಿಂದ 3 ಮೀಟರ್ ಚಾಚಿದ, 4 ಮೀಟರ್ ಅಗಲದ ಕೋಣೆ ಇಟ್ಟುಕೊಳ್ಳೋಣ. ಗೂಟ ಹೊಡೆದು ದಾರ ಕಟ್ಟಿದ ಮೇಲೆ ಮೂಲೆ ಸರಿಯಿದೆಯೇ ಎಂದು ನೋಡಲು ನಮ್ಮ ಮೇಸ್ತ್ರಿಗಳ ಮೂರು–ನಾಲ್ಕು–ಐದರ ಲೆಕ್ಕವೇ ಸಾಕು. ಈ ಕೋಣೆಗಂತೂ ಕರ್ಣ ಸರಿಯಾಗಿ 5 ಮೀಟರ್ ಬರಬೇಕು, ಎರಡೂ ಕಡೆಯಿಂದ. ಮೂಲೆಯಲ್ಲಿ ಒಂದು ಬೆರಳಷ್ಟು ತಪ್ಪಿದರೂ ಮಾಡು ಕೂರಿಸುವ ದಿನ ಅದು ಎದ್ದು ಕಾಣುತ್ತದೆ. ಕಾರ್ಖಾನೆಯಿಂದ ಬಂದ ಗಾಜನ್ನು ಮರದಂತೆ ಹೆರೆಯಲಾಗದು.

ಗಾಜಿನ ಕೋಣೆ ಹಗುರ, ಅದಕ್ಕೇಕೆ ಆಳದ ಪಾಯ ಎಂದು ಕೇಳುವವರಿದ್ದಾರೆ. ಉತ್ತರ 1976ರ ಬರಗಾಲದಲ್ಲಿದೆ. ಆ ಬೇಸಿಗೆಯಲ್ಲಿ ಆಗ್ನೇಯ ಇಂಗ್ಲೆಂಡಿನ ಜೇಡಿಮಣ್ಣು ಒಣಗಿ ಕುಗ್ಗಿ, ಆಳವಿಲ್ಲದ ಪಾಯದ ಮನೆಗಳು ಸಾಲುಸಾಲಾಗಿ ಬಿರುಕುಬಿಟ್ಟವು. ಜೇಡಿನೆಲದಲ್ಲಿ ಒಂದು ಮೀಟರ್ ಆಳ ಬೇಕೆಂಬ ರೂಢಿ ಗಟ್ಟಿಯಾದದ್ದು ಆಮೇಲೆ. ಹತ್ತಿರದಲ್ಲಿ ದೊಡ್ಡ ಮರವಿದ್ದರೆ ಇನ್ನೂ ಆಳ ಬೇಕು. ಮನೆ ತನ್ನ ಪಾಯದ ಮೇಲೆ ನಿಂತಿದ್ದು, ಜಗಲಿ ಮಾತ್ರ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತಿದ್ದರೆ ಎರಡರ ನಡುವಿನ ಸಂದು ವರ್ಷವರ್ಷವೂ ಬಾಯಿ ಬಿಡುತ್ತದೆ.

ಮೂರು ಬದಿ ಸೇರಿ 10 ಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 1 ಮೀಟರ್ ಆಳ ಅಂದರೆ ನಾಲ್ಕೂವರೆ ಘನ ಮೀಟರ್ ಮಣ್ಣು. ಒದ್ದೆ ಜೇಡಿಯಾದರೆ ಎಂಟು ಟನ್ ಹತ್ತಿರ. ಅಗೆದ ಮೇಲೆ ಉಬ್ಬುವುದರಿಂದ ಮಣ್ಣು, ಕಸ ಸಾಗಿಸುವ ಆರು ಘನ ಗಜದ ತೊಟ್ಟಿಯಲ್ಲಿ, ಅಂದರೆ ಸ್ಕಿಪ್ಪಿನಲ್ಲಿ, ಅದು ಹಿಡಿಸುವುದಿಲ್ಲ. ಸಾಫ್ಟ್‌ವೇರ್ ಕೆಲಸದವರು ಇದನ್ನು ವಾರಾಂತ್ಯದಲ್ಲಿ ಗುದ್ದಲಿಯಿಂದ ಮುಗಿಸುತ್ತೇನೆಂದು ಹೊರಡುವ ಬದಲು ಸಣ್ಣ ಅಗೆಯುವ ಯಂತ್ರವನ್ನು ಬಾಡಿಗೆಗೆ ತರುವುದು ಬೆನ್ನಿಗೆ ಒಳ್ಳೆಯದು. ವಿದ್ಯುತ್ ತಂತಿ, ಗ್ಯಾಸ್ ಕೊಳವೆ ಪತ್ತೆಮಾಡುವ ಉಪಕರಣವೂ ಬಾಡಿಗೆಗೆ ಸಿಗುತ್ತದೆ. ಸೊಂಟದಾಳದ ಗುಂಡಿಯೂ ಕುಸಿಯಬಲ್ಲದು. ಮಣ್ಣಿನ ಗುಡ್ಡೆಯನ್ನು ಅಂಚಿನಿಂದ ದೂರವಿಟ್ಟು, ಅಗೆದ ಗುಂಡಿಗೆ ಆದಷ್ಟು ಬೇಗ ಕಾಂಕ್ರೀಟ್ ತುಂಬಬೇಕು.

ಮೋಟುಗೋಡೆ ಮತ್ತು ನೆಲ

ಪಾಯದ ಮೇಲೆ ಸುಮಾರು 60 ಸೆಂಟಿಮೀಟರ್ ಎತ್ತರದ ಇಟ್ಟಿಗೆಯ ಮೋಟುಗೋಡೆ ಬರುತ್ತದೆ. ಮನೆಗೋಡೆಗಳಂತೆ ಇದೂ ಎರಡು ಪದರ, ನಡುವೆ ಟೊಳ್ಳು, ಟೊಳ್ಳಿನಲ್ಲಿ ಚಳಿ ತಡೆಯುವ ಹಾಳೆ. ನೆಲದ ತೇವ ಮೇಲೇರದಂತೆ ಹಾಸುವ ಪಟ್ಟಿ ಹೊರಗಿನ ನೆಲಮಟ್ಟದಿಂದ 15 ಸೆಂಟಿಮೀಟರ್ ಮೇಲಿದ್ದು, ಮನೆಯ ಪಟ್ಟಿಗೆ ಸರಿಸಾಟಿ ಕೂರಬೇಕು. ಹಳೆಯ ಮನೆಯ ಗೋಡೆಯ ಬುಡದಲ್ಲಿ ಜಾಲರಿಯಂಥ ಗಾಳಿ ಇಟ್ಟಿಗೆಗಳು ಇದ್ದರೆ ಅವನ್ನು ಮುಚ್ಚಲೇಬಾರದು. ಒಳಗಿನ ಮರದ ನೆಲ ಉಸಿರಾಡುವುದು ಅವುಗಳಿಂದಲೇ. ಹೊಸ ನೆಲದಡಿ ಪೈಪ್ ಹಾಕಿ ಆ ಗಾಳಿಯನ್ನು ಮೋಟುಗೋಡೆಯಾಚೆಗೆ ಎಳೆಯಬೇಕು. ಇದನ್ನು ಮರೆತರೆ ಕೆಲವು ವರ್ಷಗಳಲ್ಲಿ ಕೊಳೆಯುವುದು ಹೊಸ ಕೋಣೆಯಲ್ಲ, ಹಳೆಯ ಹಾಲ್.

ನೆಲದ ಪದರಗಳು ಕೆಳಗಿನಿಂದ ಹೀಗೆ: ಬಡಿದು ಕೂರಿಸಿದ ಜಲ್ಲಿ 15 ಸೆಂಟಿಮೀಟರ್, ಅದರ ಚೂಪು ಮುಚ್ಚಲು ಮರಳು, ತೇವ ತಡೆಯುವ ದಪ್ಪ ಪ್ಲಾಸ್ಟಿಕ್ ಹಾಳೆ, ಶಾಖ ಹಿಡಿಯುವ ಹಲಗೆ 10 ಸೆಂಟಿಮೀಟರ್, ಮೇಲೆ 10 ಸೆಂಟಿಮೀಟರ್ ಕಾಂಕ್ರೀಟ್. ಹಲಗೆಯಲ್ಲಿ ಉಳಿತಾಯ ಮಾಡಿದವರು ಜನವರಿಯಲ್ಲಿ ಕಾಲುಚೀಲದ ಮೇಲೆ ಕಾಲುಚೀಲ ಹಾಕುತ್ತಾರೆ. ರಾತ್ರಿ ಹಿಮ ಬೀಳುವ ದಿನಗಳಲ್ಲಿ ಗಾರೆ ಕೆಲಸ ಬೇಡ. ನೀರು ಹೆಪ್ಪುಗಟ್ಟಿ ಗಾರೆ ಪುಡಿಯಾಗುತ್ತದೆ.

ಚೌಕಟ್ಟು ನಿಲ್ಲಿಸುವುದು

ಇದು ಮೆಕ್ಯಾನೋ ಆಟಿಕೆ ಜೋಡಿಸಿದಷ್ಟೇ ಸುಲಭವೆಂದು ಕಿಟ್ ಮಾರುವವರು ಹೇಳುತ್ತಾರೆ. ಅಡಿ ಸಮವಾಗಿದ್ದರೆ ಆ ಮಾತು ನಿಜವೇ. ಮೋಟುಗೋಡೆಯ ಮೇಲೆ ಹೊಸ್ತಿಲು ಪಟ್ಟಿಯನ್ನು ರಸಮಟ್ಟ ಹಿಡಿದು ಕೂರಿಸಿ, ಮನೆಗೋಡೆಗೆ ತಾಗುವ ಚೌಕಟ್ಟಿನಿಂದ ಶುರು ಮಾಡಬೇಕು. ಹಳೆಯ ಗೋಡೆ ತುಸು ವಾಲಿರುವುದು ಸಾಮಾನ್ಯ. ಗೋಡೆಯ ವಾಲುವಿಕೆಗೆ ಚೌಕಟ್ಟು ಸೇರಿಸದೆ, ತೂಗುಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿ, ಸಂದಿಗೆ ಚಕ್ಕೆ ಕೊಟ್ಟು ಸೀಲ್ ಮಾಡಬೇಕು. ಆಮೇಲೆ ಸುತ್ತಲಿನ ಚೌಕಟ್ಟುಗಳು, ಅವುಗಳ ತಲೆಯ ಮೇಲೆ ಸೂರಿನ ತೊಲೆ, ಗೋಡೆಗೆ ಪಟ್ಟಿ, ನಡುವೆ ಗಾಜು ಹಿಡಿಯುವ ಅಡ್ಡೆಗಳು. ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಬಿಟ್ಟು, ಕರ್ಣ ಅಳೆದ ಮೇಲಷ್ಟೇ ಬಿಗಿಯಬೇಕು.

ಗಾಜಿನ ತೂಕ ಮೋಸದ್ದು. ಒಂದು ಚದರ ಮೀಟರಿಗೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ. 4 ಮಿಲಿಮೀಟರಿನ ಎರಡು ಪದರದ ಗಾಜು ಅಂದರೆ ಚದರ ಮೀಟರಿಗೆ 20 ಕಿಲೋ. ಒಂದೂವರೆ ಚದರ ಮೀಟರಿನ ಹಲಗೆಗೆ 30 ಕಿಲೋ. ಅದನ್ನು ಏಣಿಯ ಮೇಲೆ ಒಬ್ಬರೇ ಎತ್ತುವಂತಿಲ್ಲ. ಮೂವರು, ಅಟ್ಟಣಿಗೆ, ಗಾಳಿಯಿಲ್ಲದ ದಿನ, ಈ ಮೂರೂ ಕೂಡಿಬರಬೇಕು. ನೆಲದಿಂದ 80 ಸೆಂಟಿಮೀಟರಿನೊಳಗೆ, ಬಾಗಿಲು ಮತ್ತು ಅದರ ಅಂಚಿನಿಂದ 30 ಸೆಂಟಿಮೀಟರಿನೊಳಗಿನ ಭಾಗಕ್ಕೆ ಒಂದೂವರೆ ಮೀಟರ್ ಎತ್ತರದವರೆಗೆ ಸುರಕ್ಷತಾ ಗಾಜೇ ಕಡ್ಡಾಯ. ಮಾಡಿಗೆ ಪಾಲಿಕಾರ್ಬನೇಟ್ ಹಾಕುವವರು ಹಗುರ, ಅಗ್ಗ ಎರಡೂ ಪಡೆಯುತ್ತಾರೆ, ಆದರೆ ಮಳೆ ಬಂದಾಗ ಟಿವಿಯ ಸದ್ದು ಕೇಳಿಸದು. ಆ ಹಾಳೆಗೆ ಒಂದು ಮುಖಕ್ಕೆ ಮಾತ್ರ ನೇರಳಾತೀತ ಕಿರಣ ತಡೆಯುವ ಲೇಪ ಇದ್ದರೆ ಆ ಮುಖವೇ ಆಕಾಶಕ್ಕಿರಬೇಕು. ತಿರುಗಿಸಿ ಹಾಕಿದ್ದು ಬೇಗ ಹಳದಿಯಾಗುತ್ತದೆ.

ಹಳೆ ಗೋಡೆ, ಹೊಸ ಮಾಡು

ಮಾಡು ಗೋಡೆಗೆ ತಾಗುವಲ್ಲಿ ಇಟ್ಟಿಗೆಗಳ ನಡುವಿನ ಗಾರೆಯನ್ನು 25 ಮಿಲಿಮೀಟರ್ ಆಳಕ್ಕೆ ಕೊರೆದು, ಸೀಸದ ತಗಡನ್ನು ಅದರೊಳಗೆ ಸಿಕ್ಕಿಸಿ, ಮಾಡಿನ ಮೇಲೆ ಬಾಗಿಸಬೇಕು. ತಗಡಿನ ತುಂಡು ಒಂದೂವರೆ ಮೀಟರಿಗಿಂತ ಉದ್ದವಿರಬಾರದು. ಬಿಸಿಲಿಗೆ ಹಿಗ್ಗಿ ಬಿರಿಯುತ್ತದೆ. ಬರೀ ಸಿಲಿಕಾನ್ ಮೆತ್ತಿ ಮುಗಿಸಿದ ಸಂದು ಕೆಲವೇ ಚಳಿಗಾಲ ಬಾಳುತ್ತದೆ.

ಇಲ್ಲಿಗೆ ಕೆಲಸ ಮುಗಿಯಿತೆಂದು ಹೆಚ್ಚಿನವರು ಇಳಿದುಬಿಡುತ್ತಾರೆ. ಆದರೆ ಅಲ್ಲಿಯ ಮನೆಗೋಡೆಯ ಹೊರ ಇಟ್ಟಿಗೆ ಮಳೆಗೆ ನೆನೆಯುವಂಥದ್ದೇ. ಹೀರಿದ ನೀರು ನಡುವಿನ ಟೊಳ್ಳಿನಲ್ಲಿ ಇಳಿದು ಹೋಗುತ್ತಿತ್ತು. ಈಗ ಆ ಗೋಡೆಯ ಕೆಳಭಾಗ ಕೋಣೆಯ ಒಳಗೋಡೆಯಾಗಿದೆ. ಮಾಡಿನ ಮೇಲೆ ನೆನೆದ ಇಟ್ಟಿಗೆಯ ನೀರು ಸೀಸದ ತಗಡಿನ ಹಿಂದಿನಿಂದ ಇಳಿದು ಒಳಗೆ ಒಸರುತ್ತದೆ. ಇದಕ್ಕೆ ಮದ್ದು, ಮಾಡಿನ ಗೆರೆಯ ಮೇಲೆ ಎರಡು ಮೂರು ಇಟ್ಟಿಗೆಗಳನ್ನಷ್ಟೇ ಒಮ್ಮೆಗೆ ತೆಗೆದು, ಟೊಳ್ಳಿನೊಳಗೆ ಓರೆಯಾದ ತಟ್ಟೆಗಳನ್ನು ಕೂರಿಸುತ್ತ ಹೋಗುವುದು. ನೀರು ಆ ತಟ್ಟೆಯಿಂದ ಮಾಡಿನ ಮೇಲೆಯೇ ಹೊರಬೀಳುತ್ತದೆ. ಕೆಲಸವೆಲ್ಲ ತಾವೇ ಮಾಡಿದವರೂ ಈ ಒಂದು ದಿನಕ್ಕೆ ಅನುಭವಿ ಗೌಂಡಿಯನ್ನು ಕರೆಯುವುದು ಜಾಣತನ.

ಮಳೆಗೆ ಕಾಯದೆ, ತೋಟದ ಪೈಪಿನಿಂದ ಆ ಸಂದಿನ ಮೇಲೆ ಅರ್ಧ ಗಂಟೆ ನೀರು ಬಿಡಬೇಕು. ಒಳಗೊಬ್ಬರು ಟಾರ್ಚ್ ಹಿಡಿದು ನಿಂತಿರಲಿ. ಒಳಗೋಡೆಗೆ ಬಣ್ಣ ಬಳಿಯುವುದೆಲ್ಲ ಆಮೇಲೆ.

ನಡುಬಾಗಿಲು ಅಲ್ಲೇ ಇರಲಿ

ಕೋಣೆ ಚಂದ ಬಂದ ಮೇಲೆ ಮನೆ ಮತ್ತು ಜಗಲಿಯ ನಡುವಿನ ಬಾಗಿಲು ಕಿತ್ತು ಒಂದೇ ಹಾಲ್ ಮಾಡುವ ಆಸೆ ಹುಟ್ಟುತ್ತದೆ. 30 ಚದರ ಮೀಟರಿಗಿಂತ ಚಿಕ್ಕದಾದ, ನೆಲಮಟ್ಟದ ಕನ್ಸರ್ವೇಟರಿಗೆ ಕಟ್ಟಡ ನಿಯಮಗಳಿಂದ ವಿನಾಯಿತಿ ಸಿಕ್ಕಿರುವುದು ಆ ಬಾಗಿಲಿನಿಂದಲೇ. ಹೊರಬಾಗಿಲಿನ ಗುಣಮಟ್ಟದ ತಡೆ ನಡುವೆ ಇರಬೇಕು, ಜಗಲಿಯ ಹೀಟರಿಗೆ ಅದರದೇ ಸ್ವಿಚ್ಚು, ಅದರದೇ ಶಾಖ ನಿಯಂತ್ರಣ ಇರಬೇಕು. ಬಾಗಿಲು ಕಿತ್ತರೆ ಅಥವಾ ಮನೆಯ ರೇಡಿಯೇಟರನ್ನು ಅಲ್ಲಿಗೆ ಎಳೆದರೆ ವಿನಾಯಿತಿ ಹೋಗುತ್ತದೆ, ಮನೆ ಮಾರುವಾಗ ಕೊಳ್ಳುವವರ ವಕೀಲ ಮೊದಲು ಕೇಳುವುದೂ ಅದನ್ನೇ. ವಿದ್ಯುತ್ ಕೆಲಸವಂತೂ ವಿನಾಯಿತಿ ಇದ್ದರೂ ನಿಯಮದಂತೆಯೇ ಆಗಬೇಕು. ನೋಂದಾಯಿತ ಎಲೆಕ್ಟ್ರಿಷಿಯನ್‌ನಿಂದ ಪ್ರಮಾಣಪತ್ರ ಪಡೆಯಬೇಕು. ಮನೆಯ ವಿಮೆಯವರಿಗೂ ತಿಳಿಸಬೇಕು.

ಇನ್ನು ಕರಿಬೇವು. ಊರಿನಿಂದ ಸೂಟ್‌ಕೇಸಿನಲ್ಲಿ ಗಿಡ ಒಯ್ಯುವಂತಿಲ್ಲ, ಅಲ್ಲಿಯ ನರ್ಸರಿಯಲ್ಲೇ ಕೊಳ್ಳಬೇಕು. ಬೇಸಿಗೆಯಲ್ಲಿ ಹೊರಗಿಟ್ಟು, ಹಿಮ ಬೀಳುವ ಮೊದಲೇ, ಅಕ್ಟೋಬರ್ ಹೊತ್ತಿಗೆ, ಜಗಲಿಯೊಳಗೆ ತಂದು ನೀರು ಕಡಿಮೆ ಮಾಡಬೇಕು. ಕ್ರಿಸ್‌ಮಸ್ ವೇಳೆಗೆ ಅದು ಎಲೆಯೆಲ್ಲ ಉದುರಿಸಿ ಬರೀ ಕಡ್ಡಿಯಾಗಿ ನಿಲ್ಲಬಹುದು. ಆಗ ಸತ್ತಿತೆಂದು ಎಸೆಯದೆ, ಕಡ್ಡಿಯನ್ನು ಉಗುರಿನಿಂದ ಗೀರಿ ನೋಡಬೇಕು. ಒಳಗೆ ಹಸಿರಿದ್ದರೆ ಏಪ್ರಿಲ್‌ವರೆಗೆ ಕಾಯಬಹುದು.