ಆಗುಂಬೆ ಘಾಟಿಗೆ ಬ್ರೆಝಾನಾ, ನೆಕ್ಸಾನಾ?

ತೀರ್ಥಹಳ್ಳಿಯ ಓದುಗರೇ, ಎರಡೂ ನಾಲ್ಕು ಮೀಟರಿನೊಳಗಿನ ಕಾರುಗಳು, ಐದು ಸೀಟು, ಬೆಲೆಯೂ ಆಸುಪಾಸು. ಗೊಂದಲ ಸಹಜ. ಆದರೆ ಅಪ್ಪ, ಅಮ್ಮ, ಮಗುವನ್ನೆಲ್ಲ ಕೂರಿಸಿಕೊಂಡು ಆಗಾಗ ಉಡುಪಿಗೆ ಹೋಗಿಬರುತ್ತೇವೆ ಎಂದಿದ್ದೀರಲ್ಲ, ನನ್ನ ಉತ್ತರ ನಿಂತಿರುವುದು ಆ ಮಾತಿನ ಮೇಲೆ. ಪೆಟ್ರೋಲ್ ನೆಕ್ಸಾನ್ ತೆಗೆದುಕೊಳ್ಳಿ.

ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ತುಂಬಿದ ಕಾರು ಹತ್ತಬೇಕಾದರೆ ಕಡಿಮೆ ವೇಗದಲ್ಲೇ ಎಳೆತ ಸಿಗಬೇಕು. ನೆಕ್ಸಾನ್‌ನ 1.2 ಲೀಟರ್ ಟರ್ಬೊ ಎಂಜಿನ್ 1750 ಆರ್‌ಪಿಎಂನಲ್ಲೇ ಪೂರ್ತಿ 170 ಎನ್‌ಎಂ ಟಾರ್ಕ್ ಕೊಡುತ್ತದೆ. ಬ್ರೆಝಾದ 1.5 ಲೀಟರ್ ಎಂಜಿನ್‌ಗೆ ಟರ್ಬೊ ಇಲ್ಲ. ಅದರ 137 ಎನ್‌ಎಂ ಪೂರ್ತಿ ಸಿಗಲು 4400 ಆರ್‌ಪಿಎಂವರೆಗೆ ಏರಿಸಬೇಕು. ಪ್ರತಿ ತಿರುವಿನಲ್ಲೂ ಗೇರ್ ಇಳಿಸಿ ಎಂಜಿನ್ ಕೂಗಿಸುವುದು ನಿಮಗೂ ದಣಿವು, ಹಿಂದೆ ಕೂತ ಹಿರಿಯರಿಗೂ ಕಿರಿಕಿರಿ. ಡಿಕ್ಕಿಯೂ ನೆಕ್ಸಾನ್‌ನದೇ ದೊಡ್ಡದು: 382 ಲೀಟರ್, ಬ್ರೆಝಾದ್ದು 328. ಮಗುವಿರುವ ಮನೆಗೆ ಇನ್ನೊಂದು ಮಾತು ಮುಖ್ಯ. 2024ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನೆಕ್ಸಾನ್ ದೊಡ್ಡವರ ಸುರಕ್ಷತೆಗೂ ಮಕ್ಕಳ ಸುರಕ್ಷತೆಗೂ ಐದು ಸ್ಟಾರ್ ಪಡೆದಿದೆ.

ಆದರೆ ನಿಮ್ಮ ಮನೆಯವರಿಗೆ ಆಟೋಮ್ಯಾಟಿಕ್ಕೇ ಬೇಕೆಂದಾದರೆ ಲೆಕ್ಕ ಬದಲಾಗುತ್ತದೆ. ನೆಕ್ಸಾನ್‌ನ ಎಎಂಟಿ ಗೇರ್ ಬದಲಿಸುವಾಗ ಸ್ವಲ್ಪ ತಡವರಿಸುತ್ತದೆ. ಬ್ರೆಝಾದ ಟಾರ್ಕ್ ಕನ್ವರ್ಟರ್ ನುಣುಪು. ಆಗ ಬ್ರೆಝಾ ನೋಡಿ, ಅಥವಾ ಹೆಚ್ಚು ದುಡ್ಡು ಕೊಟ್ಟು ನೆಕ್ಸಾನ್‌ನ ಡ್ಯುಯಲ್ ಕ್ಲಚ್.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮಂಡಿನೋವಿರುವ ಅಮ್ಮನನ್ನು ಹಿಂದಿನ ಸೀಟಿಗೆ ಹತ್ತಿಸಿ ಇಳಿಸಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.