ಎಂಆರ್‌ಪಿ ಇಲ್ಲದ ಊರಿನಲ್ಲಿ ಸಂಸಾರ

ಮೈಸೂರಿನ ಅಗ್ರಹಾರದಲ್ಲಿ ಮನೆ ಮಾಡಿಕೊಂಡಿರುವವರಿಗೆ ವ್ಯಾಪಾರವೆಂದರೆ ಅರ್ಧಕ್ಕರ್ಧ ಪರಿಚಯ. ತರಕಾರಿಗೆ ವಾಣಿವಿಲಾಸ ಮಾರುಕಟ್ಟೆ, ಹಬ್ಬದ ಹೂವಿಗೆ ದೇವರಾಜ ಮಾರುಕಟ್ಟೆ, ದಿನಸಿಗೆ ರಾಮಾನುಜ ರಸ್ತೆಯ ಆಸುಪಾಸಿನ ಯಾವುದೋ ಒಂದು ಅಂಗಡಿ. ಈ ಸಲದ ತೊಗರಿಬೇಳೆ ಬೇಯುತ್ತಲೇ ಇಲ್ಲ ಎಂದರೆ ಗೊತ್ತಿರುವ ಅಂಗಡಿಯವರು ಬದಲಿಸಿ ಕೊಡುತ್ತಾರೆ. ಚಿಲ್ಲರೆ ಇಲ್ಲದಿದ್ದರೆ ‘ನಾಳೆ ಕೊಡಿ, ಬಿಡಿ’ ಎನ್ನುತ್ತಾರೆ. ಅದೇ ಮನೆಯ ಮಗ, ಸೊಸೆ ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಬಂದಿಳಿದಾಗ ಈ ಪರಿಚಯ ಜೊತೆಗೆ ಬಂದಿರುವುದಿಲ್ಲ. ಅದು ಮಾಡುತ್ತಿದ್ದ ಕೆಲಸವನ್ನೆಲ್ಲ ಅಮೆರಿಕದಲ್ಲಿ ಕಾಗದ ಮಾಡುತ್ತದೆ: ಕಪಾಟಿನ ಚೀಟಿ, ಅಂಗಡಿಯ ಬಿಲ್ಲು, ಬಾಡಿಗೆಯ ಕರಾರು, ಸಾಲದ ದಾಖಲೆ. ಹೊಸದಾಗಿ ಬಂದವರು ಯಾವ ಕಾಗದದಲ್ಲಿ ಏನು ನೋಡಬೇಕು ಎನ್ನುವುದಕ್ಕೆ ಈ ಬರಹ.

ಪೆಟ್ಟಿಗೆ ಕಟ್ಟುವಾಗಲೇ

ಉಳಿತಾಯ ಶುರುವಾಗುವುದು ಊರಿನಲ್ಲೇ. ವಿಮಾನದಲ್ಲಿ ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ 23 ಕಿಲೋ ಮಿತಿ. ಅದರಲ್ಲಿ ಅಮ್ಮಂದಿರು ಮೊದಲು ತುರುಕಲು ನೋಡುವುದು ಮಿಕ್ಸಿ. ಮೈಸೂರಿನ ಮನೆಗಳಲ್ಲಿ ಹರಿಯುವುದು 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತು. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ಸುಮಾರು ಅರ್ಧ ವೋಲ್ಟೇಜಿಗೆ ಮಿಕ್ಸಿ ತಿಣುಕುತ್ತದೆ, ಚಟ್ನಿ ನುಣ್ಣಗಾಗದು. ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ನಡೆಸೋಣವೆಂದರೆ 750 ವಾಟ್ ಮಿಕ್ಸಿಯನ್ನು ತಾಳಿಕೊಳ್ಳುವ ಟ್ರಾನ್ಸ್‌ಫಾರ್ಮರ್ ಭಾರವೂ ಹೌದು, ದುಬಾರಿಯೂ ಹೌದು. 50 ಹರ್ಟ್ಸ್‌ಗೆಂದೇ ಮೋಟಾರು ಕೂರಿಸಿದ ವೆಟ್ ಗ್ರೈಂಡರಿಗಂತೂ ಅಷ್ಟು ಮಾಡಿದರೂ ತೊಂದರೆ ತಪ್ಪುವುದಿಲ್ಲ. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ 110 ವೋಲ್ಟಿನ ಮಿಕ್ಸಿ, ಗ್ರೈಂಡರ್‌ಗಳೇ ಸಿಗುತ್ತವೆ. ಕೆಟ್ಟರೆ ಕೇಳಲು ಒಂದು ಜಾಗವೂ ಇರುತ್ತದೆ.

ಫೋನು, ಲ್ಯಾಪ್‌ಟಾಪಿನ ಚಾರ್ಜರಿಗೆ ಈ ಚಿಂತೆ ಇಲ್ಲ. ಅದರ ಬೆನ್ನಿನ ಮೇಲೆ ‘100–240 ವೋಲ್ಟ್, 50/60 ಹರ್ಟ್ಸ್’ ಎಂದು ಅಚ್ಚಾಗಿದ್ದರೆ ಪಿನ್ನು ಬದಲಿಸುವ ಸಣ್ಣ ಅಡಾಪ್ಟರ್ ಸಾಕು.

ಕುಕ್ಕರ್ ಒಯ್ಯುವವರು ಅದಕ್ಕೆ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಸೇರಿಸಿಕೊಂಡರೆ ಒಳ್ಳೆಯದು; ಸಿಕ್ಕುವಾಗ ಅಗ್ಗದ ಈ ವಸ್ತುಗಳು ಬೇಕಾದಾಗ ಹತ್ತಿರದಲ್ಲಿ ಸಿಗುವುದಿಲ್ಲ. ಬಾಡಿಗೆ ಮನೆಯಲ್ಲಿ ಇಂಡಕ್ಷನ್ ಒಲೆ ಇದ್ದರೆ ಬರಿಯ ಅಲ್ಯೂಮಿನಿಯಂ ಕುಕ್ಕರ್ ಬಿಸಿಯಾಗುವುದೇ ಇಲ್ಲ. ತಳಕ್ಕೆ ಅಯಸ್ಕಾಂತ ಕಚ್ಚಿ ಹಿಡಿದರೆ ಮಾತ್ರ ಆ ಪಾತ್ರೆ ಇಂಡಕ್ಷನ್‌ಗೆ ಆಗುತ್ತದೆ.

ಅಕ್ಕಿಯನ್ನು ಕಟ್ಟಿಕೊಂಡು ಹೋಗಲೇಬಾರದು. ಧಾನ್ಯ ತಿನ್ನುವ ಖಾಪ್ರಾ ಹುಳುವಿನ ಭಯದಿಂದ ಭಾರತದ ಅಕ್ಕಿಯನ್ನು ಪ್ರಯಾಣಿಕರ ಸಾಮಾನಿನಲ್ಲಿ ತರಲು ಅಮೆರಿಕ ಬಿಡುವುದಿಲ್ಲ. ಹಸಿ ಕರಿಬೇವಿಗೂ ಬಾಗಿಲು ಮುಚ್ಚಿದೆ; ಅದು ನಿಂಬೆ, ಕಿತ್ತಳೆಯ ಕುಟುಂಬದ ಗಿಡವಾದ್ದರಿಂದ ಅಲ್ಲಿನ ತೋಟಗಳಿಗೆ ರೋಗ ಹೊತ್ತು ತರುವ ಕೀಟ ಅದರಲ್ಲಿ ಅಡಗಿರಬಹುದು. ಸಾರಿನ ಪುಡಿಯೇ ಇರಲಿ, ಉಪ್ಪಿನಕಾಯಿಯೇ ಇರಲಿ, ತಿನ್ನುವ ಪದಾರ್ಥ ಇದೆ ಎಂದು ವಿಮಾನ ನಿಲ್ದಾಣದಲ್ಲಿ ಹೇಳಿಬಿಟ್ಟರೆ ಹೆಚ್ಚೆಂದರೆ ಸಾಮಾನು ಹೋದೀತು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಚೀಟಿಯ ಮೂಲೆಯ ಸಣ್ಣಕ್ಷರ

ಭಾರತದಲ್ಲಿ ಪೊಟ್ಟಣದ ಮೇಲಿನ ಎಂಆರ್‌ಪಿ ಎಲ್ಲ ತೆರಿಗೆಯನ್ನೂ ಒಳಗೊಂಡ ಬೆಲೆ. ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಅಮೆರಿಕದಲ್ಲಿ ಅಂಥದ್ದು ಇಲ್ಲ. ಒಂದೇ ಸಾಬೂನಿಗೆ ಎರಡು ಅಂಗಡಿಯಲ್ಲಿ ಎರಡು ಬೆಲೆ ಇರಬಹುದು, ಮೇಲಾಗಿ ಮಾರಾಟ ತೆರಿಗೆ ಸೇರುವುದು ದುಡ್ಡು ಕೊಡುವಾಗ. ನ್ಯೂಜೆರ್ಸಿಯಲ್ಲಿ ಅದು ಶೇ. 6.625, 100 ಡಾಲರಿನ ಕುಕ್ಕರಿಗೆ 106 ಡಾಲರ್ 63 ಸೆಂಟ್ ಎಣಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಶೇ. 7.25ರಿಂದ ಶುರುವಾಗಿ ಊರಿಂದೂರಿಗೆ ಏರುತ್ತದೆ. ಆರೆಗನ್‌ನಲ್ಲಿ ಮಾರಾಟ ತೆರಿಗೆಯೇ ಇಲ್ಲ. ಅಡುಗೆಮನೆಗೆ ತರುವ ಅಕ್ಕಿ, ಬೇಳೆ, ತರಕಾರಿಗೆ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಎರಡೂ ಕಡೆ ತೆರಿಗೆ ಇಲ್ಲ. ನ್ಯೂಜೆರ್ಸಿಯಲ್ಲಿ ಸಾಮಾನ್ಯ ಬಟ್ಟೆಗೂ ಇಲ್ಲ.

ಕಪಾಟಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ದೊಡ್ಡಕ್ಷರದ ಬೆಲೆಯ ಪಕ್ಕ, ಒಂದು ಮೂಲೆಯಲ್ಲಿ, ಪೌಂಡಿಗೆ ಅಥವಾ ಔನ್ಸಿಗೆ ಎಷ್ಟು ಎಂದು ಸಣ್ಣದಾಗಿ ಬರೆದಿರುವುದುಂಟು. ನೋಡಬೇಕಾದ್ದು ಅದನ್ನು. ಎರಡು ಪೌಂಡಿನ ತೊಗರಿಬೇಳೆಗೆ 4 ಡಾಲರ್ 99 ಸೆಂಟ್, ನಾಲ್ಕು ಪೌಂಡಿನದಕ್ಕೆ 8 ಡಾಲರ್ 49 ಸೆಂಟ್ ಎಂದಿದ್ದರೆ ಮೊದಲನೆಯದು ಪೌಂಡಿಗೆ ಎರಡೂವರೆ ಡಾಲರ್, ಎರಡನೆಯದು ಸುಮಾರು 2 ಡಾಲರ್ 12 ಸೆಂಟ್. ಹಾಗೆಂದು ದೊಡ್ಡ ಪೊಟ್ಟಣವೇ ಯಾವಾಗಲೂ ಅಗ್ಗವಲ್ಲ. ರಿಯಾಯಿತಿಯ ವಾರದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಒಂದು ಪೌಂಡ್ ಎಂದರೆ 454 ಗ್ರಾಂ, 16 ಔನ್ಸ್. 20 ಪೌಂಡಿನ ಸೋನಾ ಮಸೂರಿ ಚೀಲದಲ್ಲಿರುವುದು ಒಂಬತ್ತು ಕಿಲೋ ಚಿಲ್ಲರೆ; ಊರಿನ 25 ಕಿಲೋ ಮೂಟೆಯ ಅಂದಾಜಿನಲ್ಲಿ ತಿಂಗಳ ಅಕ್ಕಿ ತಂದರೆ ನಡುವೆಯೇ ಡಬ್ಬ ಬರಿದಾಗುತ್ತದೆ.

ಪೊಟ್ಟಣದ ಮೇಲಿನ ತಾರೀಖಿಗೂ ಬೇರೆಯೇ ಅರ್ಥ. ಹಸುಗೂಸಿನ ಹಾಲಿನ ಪುಡಿಯೊಂದನ್ನು ಬಿಟ್ಟರೆ ಅಮೆರಿಕದ ಕೇಂದ್ರ ಸರ್ಕಾರ ಯಾವ ಆಹಾರಕ್ಕೂ ತಾರೀಖು ಕಡ್ಡಾಯ ಮಾಡಿಲ್ಲ. ‘ಬೆಸ್ಟ್ ಬೈ’ ಎನ್ನುವುದು ರುಚಿಯ ಗಡುವು, ‘ಸೆಲ್ ಬೈ’ ಅಂಗಡಿಯವನ ಲೆಕ್ಕ. ತಾರೀಖು ದಾಟಿತೆಂದ ಮಾತ್ರಕ್ಕೆ ಮುಚ್ಚಿದ ಬಿಸ್ಕತ್ತಿನ ಪೊಟ್ಟಣವನ್ನು ಕಸಕ್ಕೆ ಹಾಕಬೇಕಾಗಿಲ್ಲ.

ಬಿಲ್ಲಿನ ಬೆನ್ನು

‘ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ’ ಎಂಬ ಫಲಕ ನೋಡಿ ಬೆಳೆದವರಿಗೆ ಅಮೆರಿಕದ ಅಂಗಡಿಗಳು ಬೆರಗು ಹುಟ್ಟಿಸುತ್ತವೆ. ಹಿಡಿಸದ ಪರದೆ, ಸಾಲದ ಚಾಪೆ, ಎಲ್ಲವನ್ನೂ ಮರಳಿ ತೆಗೆದುಕೊಳ್ಳುತ್ತಾರೆ. ಆದರೆ ಅದು ಅಂಗಡಿಯ ಔದಾರ್ಯವೇ ಹೊರತು ಕೇಂದ್ರ ಕಾನೂನಿನ ಕಟ್ಟಳೆಯಲ್ಲ. ಎಷ್ಟು ದಿನದೊಳಗೆ, ಯಾವ ಸಾಮಾನಿಗೆ ಇಲ್ಲ ಎನ್ನುವುದೆಲ್ಲ ಹೆಚ್ಚಾಗಿ ಬಿಲ್ಲಿನ ಹಿಂಬದಿಯಲ್ಲೇ ಇರುತ್ತದೆ. ‘ಫೈನಲ್ ಸೇಲ್’ ಎಂದಿದ್ದರೆ ವಾಪಸಾತಿಯ ಮಾತಿಲ್ಲ.

ಮನೆ ಬಾಗಿಲಿಗೆ ಬಂದು ಮಾರುವವರ ವಿಷಯದಲ್ಲಿ ಮಾತ್ರ ಕಾನೂನು ಗಿರಾಕಿಯ ಕಡೆಗಿದೆ. ಮನೆಯಲ್ಲಿ ಕುಳಿತು 25 ಡಾಲರ್ ಅಥವಾ ಹೆಚ್ಚಿನ ಖರೀದಿಗೆ ಸಹಿ ಹಾಕಿದರೆ ಮೂರನೆಯ ವ್ಯವಹಾರ ದಿನದ ನಡುರಾತ್ರಿಯವರೆಗೆ ರದ್ದು ಮಾಡುವ ಹಕ್ಕನ್ನು ಫೆಡರಲ್ ಟ್ರೇಡ್ ಕಮಿಷನ್ ನಿಯಮ ಕೊಟ್ಟಿದೆ. ರದ್ದತಿಯ ನಮೂನೆಯನ್ನು ಮಾರುವವರೇ ಕೊಡಬೇಕು. ಆನ್‌ಲೈನ್ ಖರೀದಿಗೆ ಇದು ಅನ್ವಯಿಸುವುದಿಲ್ಲ. ಕಣ್ಣಿನ ಪರೀಕ್ಷೆ ಮುಗಿದ ಮೇಲೆ ಕನ್ನಡಕದ ಚೀಟಿಯನ್ನು ಕೇಳದೆಯೇ ಕೊಡಬೇಕೆಂಬುದೂ ಅದೇ ಕಮಿಷನ್ನಿನ ನಿಯಮ. ಆ ಚೀಟಿ ಹಿಡಿದು ಅಗ್ಗವಾಗಿ ಸಿಗುವ ಕಡೆ, ಬೇಕಾದರೆ ರಜೆಗೆ ಹೋದಾಗ ಮೈಸೂರಿನಲ್ಲೇ, ಕನ್ನಡಕ ಮಾಡಿಸಬಹುದು.

ಬಾಡಿಗೆ ಮತ್ತು ಸಾಲದ ಹೆಸರು

ಬಾಡಿಗೆ ಮನೆಯ ಮುಂಗಡಕ್ಕೆ ಹಲವು ರಾಜ್ಯಗಳಲ್ಲಿ ಮಿತಿ ಇದೆ. ನ್ಯೂಜೆರ್ಸಿಯಲ್ಲಿ ಅದು ಒಂದೂವರೆ ತಿಂಗಳ ಬಾಡಿಗೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ, ಕೆಲವು ಸಣ್ಣ ಮಾಲೀಕರನ್ನು ಬಿಟ್ಟು, ಒಂದು ತಿಂಗಳದ್ದು. ಮನೆ ಬಿಟ್ಟ ಮೇಲೆ ನ್ಯೂಜೆರ್ಸಿಯಲ್ಲಿ 30 ದಿನ, ಕ್ಯಾಲಿಫೋರ್ನಿಯಾದಲ್ಲಿ 21 ದಿನದೊಳಗೆ ಲೆಕ್ಕ ಚುಕ್ತಾ ಆಗಬೇಕು. ಬೀಗದ ಕೈ ಸಿಕ್ಕ ದಿನವೇ, ಸಾಮಾನು ಇಳಿಸುವ ಮೊದಲು, ಗೋಡೆಯ ಕಲೆ, ಕಾರ್ಪೆಟ್ಟಿನ ಹರಕು, ಒಲೆಯ ಒಳಭಾಗದ ಫೋಟೋ ತೆಗೆದು ಮಾಲೀಕರಿಗೆ ಇಮೇಲ್ ಮಾಡಿಟ್ಟರೆ ಹಳೆಯ ಕಲೆಗೆ ಹೊಸಬರು ದುಡ್ಡು ತೆರಬೇಕಾಗುವುದಿಲ್ಲ.

ಅಗ್ರಹಾರದ ಅಂಗಡಿಯಲ್ಲಿ ಲೆಕ್ಕ ಬರೆಸುವುದಕ್ಕೆ ಅಪ್ಪನ ಹೆಸರು ಸಾಕಿತ್ತು. ಅಮೆರಿಕದಲ್ಲಿ ಅಂಥ ಹೆಸರನ್ನು ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳು ಇಡುವ ಸಾಲದ ದಾಖಲೆಯಿಂದ ಸಂಪಾದಿಸಬೇಕು. ಭಾರತದ ಸಿಬಿಲ್ ಅಂಕ ಎಷ್ಟೇ ಚೆನ್ನಾಗಿರಲಿ, ಈ ದಾಖಲೆಗೆ ಸೇರುವುದಿಲ್ಲ. ಠೇವಣಿ ಇಟ್ಟು ಪಡೆಯುವ ‘ಸೆಕ್ಯೂರ್ಡ್’ ಕ್ರೆಡಿಟ್ ಕಾರ್ಡಿನಿಂದ ಹೊಸಬರು ಶುರು ಮಾಡಬಹುದು. ಈ ದಾಖಲೆಯಿಂದ ಲೆಕ್ಕ ಹಾಕುವ, 300ರಿಂದ 850ರವರೆಗಿನ ಫೈಕೋ ಅಂಕದಲ್ಲಿ ಶೇ. 35ರಷ್ಟು ತೂಕ ಗಡುವಿನೊಳಗೆ ಹಣ ಕಟ್ಟಿದ ದಾಖಲೆಗೇ. ‘ಮಿನಿಮಮ್ ಡ್ಯೂ’ ಮಾತ್ರ ಕಟ್ಟುತ್ತ ಹೋದರೆ ಅಂಕಕ್ಕೆ ತಕ್ಷಣ ಪೆಟ್ಟು ಬೀಳದಿದ್ದರೂ ಬಡ್ಡಿ ಬೆಳೆಯುತ್ತದೆ. ಪೂರ್ತಿ ಬಾಕಿ ತಾನಾಗಿ ಸಂದಾಯವಾಗುವಂತೆ ಬ್ಯಾಂಕಿಗೆ ಹೇಳಿಡುವುದೇ ಸಲೀಸು.

ಕೈದಾಟಿ ಬಂದ ಸಾಮಾನು

ಕನ್ನಡ ಕೂಟದ ಹಳೆಯ ಕುಟುಂಬಗಳು ಹೊಸಬರಿಗೆ ಮೇಜು, ಕುರ್ಚಿ, ಮಕ್ಕಳ ಪುಸ್ತಕ ಕೊಡುವ ರೂಢಿಯಿಂದ ಸಾವಿರಾರು ಡಾಲರ್ ಉಳಿಯಬಹುದು. ಸಂಕೋಚ ಬಿಟ್ಟು ಕೇಳಬೇಕು. ಎರಡು ವಸ್ತುಗಳಲ್ಲಿ ಮಾತ್ರ ಎಚ್ಚರ. ಪಕ್ಕದ ಕಟಕಟೆ ಕೆಳಗೆ ಜಾರುವ ಹಳೆಯ ಮಗುವಿನ ಮಂಚವನ್ನು 2011ರ ಜೂನ್ 28ರಿಂದ ಅಮೆರಿಕದಲ್ಲಿ ಮಾರುವಂತೆಯೇ ಇಲ್ಲ. ಹಾಗೆಯೇ ಕೊಟ್ಟರೂ ಬೇಡವೆನ್ನಬೇಕು. ಕಾರಿನ ಮಗುವಿನ ಸೀಟಿನ ತಳದಲ್ಲಿ ಅಥವಾ ಬೆನ್ನಿನಲ್ಲಿ ತಯಾರಾದ ತಾರೀಖಿನ ಚೀಟಿ ಇರುತ್ತದೆ, ಬಳಕೆಯ ಅವಧಿಯೂ ಅಲ್ಲಿ ಇಲ್ಲವೇ ಕೈಪಿಡಿಯಲ್ಲಿ ಸಿಗುತ್ತದೆ. ಅವಧಿ ಮುಗಿದಿದ್ದರೆ, ಚೀಟಿ ಕಿತ್ತುಹೋಗಿದ್ದರೆ, ಅಪಘಾತ ಕಂಡ ಕಾರಿನದೋ ಅಲ್ಲವೋ ಎಂದು ಕೊಟ್ಟವರಿಗೇ ಗೊತ್ತಿಲ್ಲದಿದ್ದರೆ ಹೊಸದನ್ನೇ ಕೊಳ್ಳಬೇಕು. ದೋಸೆ ಹೆಂಚಿಗೆ ಇಷ್ಟೆಲ್ಲ ತಪಾಸಣೆ ಬೇಕಿಲ್ಲ. ಪಳಗಿದಷ್ಟೂ ಚೆನ್ನಾಗಿ ದೋಸೆ ಏಳುತ್ತದೆ.