ಸೂಜಿ ಚುಚ್ಚಿಕೊಳ್ಳುವವರು ಆಸ್ಪತ್ರೆ ಸೇರಿದಾಗ

ತೊಡೆಯಲ್ಲಿ ಕೀವು ತುಂಬಿದ ಬಾವು, ಇಳಿಯದ ಜ್ವರ, ಬೈಕಿನಿಂದ ಬಿದ್ದು ಮುರಿದ ಕಾಲು. ಕಾರಣ ಯಾವುದೇ ಇರಲಿ, ಹೆರಾಯಿನ್ ಚುಚ್ಚಿಕೊಳ್ಳುವ ಅಥವಾ ಟೆಪೆಂಟಡಾಲ್‌ನಂಥ ನೋವಿನ ಮಾತ್ರೆ ಪುಡಿಮಾಡಿ, ಕರಗಿಸಿ ಚುಚ್ಚಿಕೊಳ್ಳುವ ಹುಡುಗನನ್ನು ವಾರ್ಡಿಗೆ ಸೇರಿಸಿದ ಮೇಲೆ ಬಹಳ ಸಲ ಆಗುವುದು ಒಂದೇ. ಎರಡನೇ ದಿನ ಅವನು ಡ್ರಿಪ್ ಕಿತ್ತು ಹೊರಟಿರುತ್ತಾನೆ. ವಾರ್ಡಿನವರು ಬೈಯುತ್ತಾರೆ, ಮನೆಯವರು ತಲೆ ತಗ್ಗಿಸುತ್ತಾರೆ. ಮೈಯೊಳಗೆ ಎದ್ದ ಸಂಕಟಕ್ಕೆ ಔಷಧ ಕೊಟ್ಟಿದ್ದರೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 8.5 ಲಕ್ಷ ಜನ ಮಾದಕ ವಸ್ತುವನ್ನು ಚುಚ್ಚಿಕೊಳ್ಳುತ್ತಾರೆ. ನಿಮ್ಮ ಮನೆಯಲ್ಲೇ ಅಂಥವರೊಬ್ಬರಿದ್ದು, ಆಸ್ಪತ್ರೆ ಸೇರಿಸುವ ಪ್ರಸಂಗ ಬಂದರೆ ಹೀಗೆ ಮಾಡಿ.

ಮೊದಲನೆಯದು: ಮುಚ್ಚಿಡಬೇಡಿ

ಏನು ಚುಚ್ಚಿಕೊಳ್ಳುತ್ತಾನೆ, ದಿನಕ್ಕೆ ಎಷ್ಟು ಸಲ, ಕೊನೆಯ ಸಲ ಎಷ್ಟು ಹೊತ್ತಿಗೆ, ಮೈಯ ಯಾವ ಭಾಗಕ್ಕೆ — ಇವಿಷ್ಟನ್ನೂ ವೈದ್ಯರಿಗೆ ಹೇಳಿ. ಮಾತ್ರೆಯ ಖಾಲಿ ಪಟ್ಟಿ ಸಿಕ್ಕರೆ ಅದನ್ನೂ ತೋರಿಸಿ. ಮದ್ಯ ಮತ್ತು ನಿದ್ರೆ ಮಾತ್ರೆಯ ವಿಷಯ ತಪ್ಪದೆ ಹೇಳಬೇಕು. ಇವನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಹೆರಾಯಿನ್ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಚಟ ಬಿಡಲು ನಾಲ್ಟ್ರೆಕ್ಸೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಸಿ. ಅದು ಮೈಯಲ್ಲಿರುವಾಗ ಮಾರ್ಫಿನ್‌ನಂಥ ನೋವಿನ ಔಷಧ ಕೆಲಸ ಮಾಡುವುದಿಲ್ಲ.

ಅಪ್ಪ-ಅಮ್ಮನ ಎದುರು ಇದನ್ನೆಲ್ಲ ಹೇಳಲು ಹುಡುಗ ನಾಚುತ್ತಾನೆ. ಡಾಕ್ಟರು ಕೇಳುವಾಗ ನೀವು ಹೊರಗೆ ಹೋಗಿ ನಿಲ್ಲುವುದು ಒಳ್ಳೆಯದು.

ಎರಡನೆಯದು: ಗಡಿಯಾರ ನೋಡಿ

ಇಡೀ ಚಿಕಿತ್ಸೆ ಉಳಿಯುವುದೂ ಕೆಡುವುದೂ ಇಲ್ಲಿಯೇ. ಹೆರಾಯಿನ್ ನಿಂತ ಎಂಟು-ಹನ್ನೆರಡು ಗಂಟೆಯಲ್ಲಿ ಆಕಳಿಕೆ, ಕಣ್ಣು-ಮೂಗಿನಲ್ಲಿ ನೀರು, ಬೆವರು, ರೋಮಾಂಚನ ಶುರುವಾಗುತ್ತವೆ. ಆಮೇಲೆ ಹೊಟ್ಟೆ ಹಿಂಡುವ ನೋವು, ಭೇದಿ, ವಾಂತಿ, ಮೂಳೆ ಮುರಿದಂಥ ಮೈನೋವು, ಬಾರದ ನಿದ್ರೆ. ಎರಡನೇ, ಮೂರನೇ ದಿನ ಇದು ತುದಿಗೇರುತ್ತದೆ. ಇನ್ನೊಂದು ಸೂಜಿ ಸಿಕ್ಕರೆ ಕೆಲವೇ ನಿಮಿಷದಲ್ಲಿ ಎಲ್ಲವೂ ಮಾಯವಾಗುತ್ತದೆಂದು ರೋಗಿಗೆ ಗೊತ್ತು. ಹಾಗಿರುವಾಗ ಅವನು ವಾರ್ಡಿನಲ್ಲಿ ಯಾಕೆ ಉಳಿದಾನು?

'ಎರಡು ದಿನ ಒದ್ದಾಡಲಿ, ಬುದ್ಧಿ ಬರುತ್ತೆ' ಎನ್ನುವವರು ಮನೆಯಲ್ಲೂ ಇರುತ್ತಾರೆ, ಆಸ್ಪತ್ರೆಯಲ್ಲೂ ಇರುತ್ತಾರೆ. ಒದ್ದಾಟದಿಂದ ಯಾರಿಗೂ ಬುದ್ಧಿ ಬಂದದ್ದಿಲ್ಲ. ಸೇರಿಸಿದ ದಿನವೇ ಮನೋವೈದ್ಯರನ್ನು ಕರೆಸಲು ಕೇಳಿ. ಈ ಸಂಕಟಕ್ಕೆ ಬ್ಯೂಪ್ರೆನಾರ್ಫಿನ್, ಮೆಥಡೋನ್ ಎಂಬ ಎರಡು ಔಷಧಗಳಿವೆ. 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇವು ಸೇರಿವೆ. ಬ್ಯೂಪ್ರೆನಾರ್ಫಿನ್ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು ಕರಗಿಸಬೇಕು; ನುಂಗಿದರೆ ಹೆಚ್ಚಿನ ಪ್ರಯೋಜನವಿಲ್ಲ. ಲಕ್ಷಣಗಳು ಸ್ಪಷ್ಟವಾಗಿ ಕಾಣಿಸುವ ತನಕ ವೈದ್ಯರು ಇದನ್ನು ಕೊಡದೆ ಕಾಯುತ್ತಾರೆ. ಮೈಯಲ್ಲಿ ಹೆರಾಯಿನ್ ಇರುವಾಗಲೇ ಕೊಟ್ಟರೆ ಸಂಕಟ ಒಮ್ಮೆಲೇ ಉಲ್ಬಣಿಸುತ್ತದೆ. ಆ ಕಾಯುವಿಕೆ ನಿರ್ಲಕ್ಷ್ಯವಲ್ಲ ಎಂದು ರೋಗಿಗೆ ಮೊದಲೇ ತಿಳಿಸಿ.

ಇದು ಒಂದು ಚಟದ ಜಾಗಕ್ಕೆ ಇನ್ನೊಂದು ಚಟ ತಂದಂತಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅಮಲು ಏರುವುದಿಲ್ಲ, ಇಳಿಯುವುದಿಲ್ಲ. ಮನುಷ್ಯ ಕೆಲಸಕ್ಕೆ ಹೋಗಬಲ್ಲ. ಈ ಚಿಕಿತ್ಸೆಯಲ್ಲಿರುವಷ್ಟು ಕಾಲ ಸಾವಿನ ಅಪಾಯ ಸುಮಾರು ಅರ್ಧಕ್ಕಾದರೂ ಇಳಿಯುತ್ತದೆ. ಮೊದಲಿನಿಂದಲೂ ಈ ಔಷಧದಲ್ಲಿದ್ದವರಿಗೆ ವಾರ್ಡಿನಲ್ಲಿ ಅದನ್ನು ನಿಲ್ಲಿಸಬಾರದು. ಗರ್ಭಿಣಿಯರಲ್ಲಂತೂ ಥಟ್ಟನೆ ನಿಲ್ಲಿಸುವುದು ಮಗುವಿಗೂ ಅಪಾಯ.

ಮೂರನೆಯದು: ನೋವಿಗೆ ಬೇರೆ ಔಷಧ ಬೇಕು

ಬ್ಯೂಪ್ರೆನಾರ್ಫಿನ್ ಕೊಟ್ಟಾಯಿತು, ನೋವಿಗೆ ಇನ್ನೇನೂ ಬೇಡ ಎನ್ನುವುದು ತಪ್ಪು ಲೆಕ್ಕ. ಮುರಿದ ಮೂಳೆಯ ನೋವು ಅದರ ಪಾಡಿಗೆ ಇದ್ದೇ ಇರುತ್ತದೆ. ಮೈ ಒಗ್ಗಿಹೋಗಿರುವುದರಿಂದ ಇವರಿಗೆ ಉಳಿದವರಿಗಿಂತ ಹೆಚ್ಚು ಔಷಧವೇ ಬೇಕಾಗಬಹುದು. ರೋಗಿ ನೋವೆಂದರೆ ನಾಟಕವೆಂದು ತಳ್ಳಿಹಾಕಬೇಡಿ.

ನಾಲ್ಕನೆಯದು: ಪರೀಕ್ಷೆಗಳು

ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರನ್ನೂ ಮಾಡಿಸಿ. ಸಿರಿಂಜು ಮಾತ್ರವಲ್ಲ, ಮದ್ದು ಕರಗಿಸುವ ನೀರು, ಚಮಚ, ಹತ್ತಿಯನ್ನು ಹಂಚಿಕೊಂಡರೂ ಹೆಪಟೈಟಿಸ್ ಸಿ ಹರಡುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇದರ ಚಿಕಿತ್ಸೆ ಉಚಿತ. ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಪೂರ್ಣ ಗುಣವಾಗುತ್ತಾರೆ. ಹೆಪಟೈಟಿಸ್ ಬಿಗೆ ಲಸಿಕೆಯಿದೆ.

ಕಾರಣ ಸಿಗದೆ ಜ್ವರ ಬರುತ್ತಿದ್ದರೆ ಹೃದಯದ ಎಕೋ ಮಾಡಿಸಬೇಕೇ ಎಂದು ಕೇಳಿ. ಸೂಜಿಯಿಂದ ಹೊಕ್ಕ ಬ್ಯಾಕ್ಟೀರಿಯಾ ಹೃದಯದ ಕವಾಟದಲ್ಲಿ ನೆಲೆಸಬಹುದು. ಆಗ ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ಎರಡನೇ ದಿನವೇ ಓಡಿಹೋದವನಿಗೆ ಅಷ್ಟು ದಿನದ ಚಿಕಿತ್ಸೆ ಎಲ್ಲಿಂದ ಬರಬೇಕು? ಕ್ಷಯಕ್ಕೆ ರಿಫಾಂಪಿಸಿನ್ ಶುರುಮಾಡಿದರೆ ಮೆಥಡೋನ್, ಬ್ಯೂಪ್ರೆನಾರ್ಫಿನ್‌ಗಳ ಪ್ರಭಾವ ತಗ್ಗುತ್ತದೆ. ಆಗ ವೈದ್ಯರು ಪ್ರಮಾಣ ಹೊಂದಿಸಬೇಕು.

ಪೊಲೀಸ್ ಭಯ

ಮಾದಕ ವಸ್ತುಗಳ ನಿಯಂತ್ರಣಕ್ಕಿರುವ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ನೆನಪಿಡಿ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆಯಿದೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಇನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮಾದಕ ವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ರೋಗಿಯ ಗುಟ್ಟು ಕಾಯುವುದು ಅದರಂತೆ ಕಡ್ಡಾಯ, ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. 'ಬಿಡಿಸುತ್ತೇವೆ' ಎಂದು ಕೂಡಿಹಾಕಿ ಹೊಡೆಯುವ ಕೇಂದ್ರಗಳತ್ತ ಸುಳಿಯಬೇಡಿ.

ಕೊನೆಯದು: ಡಿಸ್‌ಚಾರ್ಜ್‌ಗೆ ಮುಂಚೆ

ಅತಿ ಅಪಾಯದ ದಿನಗಳು ಶುರುವಾಗುವುದು ಮನೆಗೆ ಬಂದ ಮೇಲೆ. ಕೆಲವು ವಾರ ಬಿಟ್ಟಿದ್ದವನ ಮೈಗೆ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಇರುವುದಿಲ್ಲ. 'ಒಂದೇ ಸಲ' ಎಂದು ಮೊದಲಿನಷ್ಟೇ ಚುಚ್ಚಿಕೊಂಡರೆ ಸಾಯಬಹುದು. ಇದನ್ನು ರೋಗಿಗೂ ಮನೆಯವರಿಗೂ ಬಿಡಿಸಿ ಹೇಳಬೇಕು. ಬ್ಯೂಪ್ರೆನಾರ್ಫಿನ್ ಅಥವಾ ಮೆಥಡೋನ್‌ನ ಮುಂದಿನ ಡೋಸ್ ಯಾವ ಕೇಂದ್ರದಲ್ಲಿ, ಯಾವ ದಿನ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಒಎಸ್‌ಟಿ (ಬದಲಿ ಔಷಧ ಚಿಕಿತ್ಸೆ) ಕೇಂದ್ರಗಳಲ್ಲಿ ಈ ಔಷಧ ಉಚಿತ. ಹತ್ತಿರದ ಕೇಂದ್ರ ಯಾವುದೆಂದು 1097ಕ್ಕೆ ಕರೆಮಾಡಿ ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಇನ್ನೂ ಬಿಡಲಾಗದವರಿಗೆ ಪ್ರತಿ ಸಲವೂ ಹೊಸ ಸಿರಿಂಜು ಸಿಗಬೇಕು.

ಮಿತಿಮೀರಿ ಚುಚ್ಚಿಕೊಂಡವನು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ತುಟಿ ನೀಲಿಯಾಗಿದ್ದು ಕಣ್ಣಪಾಪೆ ಸೂಜಿಮೊನೆಯಷ್ಟಾಗಿದ್ದರೆ 108ಕ್ಕೆ ಕರೆಮಾಡಿ. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಊದಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಏನು ಚುಚ್ಚಿಕೊಂಡಿದ್ದಾನೆಂದು ಹೇಳಿ, ಅದರ ಪರಿಣಾಮವನ್ನು ತಡೆಯುವ ನಲೊಕ್ಸೋನ್ ಇಂಜೆಕ್ಷನ್ ಕೇಳಿ. ಎದ್ದು ಕೂತ ಮಾತ್ರಕ್ಕೆ ಮನೆಗೆ ಕರೆತರಬೇಡಿ: ನಲೊಕ್ಸೋನ್ ಪ್ರಭಾವ ಒಂದೂವರೆ ಗಂಟೆಯೊಳಗೆ ಇಳಿಯಬಹುದು, ಮತ್ತೆ ಉಸಿರು ಕಟ್ಟಬಹುದು.

ವ್ಯಸನ ಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416. ಎರಡಕ್ಕೂ ಕರೆ ಉಚಿತ.